ಕವಿಯ ಹೆಸರು ಬೇಡ, ಕವಿತೆ ಕೊಡಿ

ಕಳೆದ ವರ್ಷ ಕನ್ನಡ ಪೇಪರ್ ಬರೆದು ಹೊರಗೆ ಬಂದಾಗ ನಮಗೆಲ್ಲ ಒಂದೇ ಖುಷಿ, ಒಂದು ಗಂಟೇಲಿ ಮುಗೀತು ಅಂತ. ಐವತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಆಯ್ಕೆ, ಒಂದು ಓಎಂಆರ್ ಶೀಟು, ಒಂದೇ ಒಂದು ಕ್ರೆಡಿಟ್. ಹಿಂದಿನ ರಾತ್ರಿ ವಾಟ್ಸ್ಆ್ಯಪ್ ಗ್ರೂಪಿಗೆ ಬಂದ ಪಿಡಿಎಫ್ ಮೇಲೆ ಕಣ್ಣಾಡಿಸಿದವರೆಲ್ಲ ಪಾಸು. 'ಕುರುಡು ಕಾಂಚಾಣ' ಬರೆದವರು ಯಾರು? ಬೇಂದ್ರೆ. ಗೋಲ ತುಂಬಿಸು, ಮುಂದಕ್ಕೆ ಹೋಗು. ಕಾಂಚಾಣ ಯಾಕೆ ಕುರುಡು ಅಂತ ನಮ್ಮನ್ನ ಯಾರೂ ಕೇಳಲಿಲ್ಲ. ನಿಜ ಹೇಳ್ಬೇಕಂದ್ರೆ ನಾವೂ ಕೇಳಿಕೊಳ್ಳಲಿಲ್ಲ.

ಈ ಸಲದ ರಜೆಯಲ್ಲಿ ಕ್ಲಬ್ಬಿನ ನಾಲ್ಕೈದು ಜನ ಕೂತು, ಸಾಹಿತ್ಯವನ್ನೇ ಪದವಿಗೆ ಓದೋರು ಏನೇನು ಮಾಡಬೇಕು ಅಂತ ನೋಡಿದ್ವಿ. ಇಂಗ್ಲಿಷ್ ಮೀಡಿಯಂನವರು ತಾನೆ, ಮೊದಲು ಹುಡುಕಿದ್ದು ಇಂಗ್ಲಿಷ್ ಸಾಹಿತ್ಯವನ್ನೇ.

ಆಕ್ಸ್‌ಫರ್ಡ್‌ನಲ್ಲಿ ಅದು ಮೂರು ವರ್ಷದ ಪದವಿ. ಮೊದಲ ವರ್ಷದ ಪೇಪರುಗಳಲ್ಲಿ ಒಂದು ಸುಮಾರು 650ರಿಂದ 1350ರವರೆಗಿನ ಸಾಹಿತ್ಯಕ್ಕೆ ಮೀಸಲು. ಅಂದ್ರೆ ಹಳೆಯ ಇಂಗ್ಲಿಷನ್ನ ಮೂಲದಲ್ಲೇ ಓದಬೇಕು. ಆ ಭಾಷೆಯ ದೊಡ್ಡ ಕಾವ್ಯ 'ಬೇವುಲ್ಫ್', 3182 ಸಾಲು. ಅದರ ಉಳಿದಿರುವ ಒಂದೇ ಹಸ್ತಪ್ರತಿ ಸುಮಾರು ಕ್ರಿ.ಶ. 1000ದ್ದು. ನಮ್ಮ ಪಂಪ ಅದೇ ಹತ್ತನೇ ಶತಮಾನದವನು. ಇಂಗ್ಲಿಷ್ ಮನೆಮಾತಾಗಿರೋ ಹುಡುಗರಿಗೂ ಆ ಭಾಷೆ ಒಂದಕ್ಷರ ಅರ್ಥ ಆಗಲ್ಲ, ಅಕ್ಷರಶಃ ಹೊಸದಾಗಿ ಕಲೀಬೇಕು. ಜೊತೆಗೆ ಪ್ರಬಂಧ ಬರೆದುಕೊಂಡು ಹೋಗಿ, ಒಬ್ಬಿಬ್ಬರು ಸಹಪಾಠಿಗಳ ಜೊತೆ ಮೇಷ್ಟ್ರ ಎದುರು ಕೂತು ಅದನ್ನ ಸಮರ್ಥಿಸಿಕೊಳ್ಳಬೇಕು. ಹಿಂದಿನ ಬೆಂಚು ಅನ್ನೋದೇ ಇಲ್ಲ, ಪಾಪ.

ನಮ್ಮನ್ನ ಹೆಚ್ಚು ಹಿಡಿದಿಟ್ಟಿದ್ದು ಮಾತ್ರ ಕೇಂಬ್ರಿಡ್ಜ್‌ನ ಕಥೆ. 1920ರ ದಶಕದಲ್ಲಿ ಅಲ್ಲಿ ಐ.ಎ. ರಿಚರ್ಡ್ಸ್ ಅನ್ನೋ ಮೇಷ್ಟ್ರು ವಿದ್ಯಾರ್ಥಿಗಳಿಗೆ ಕವಿತೆಗಳನ್ನ ಹಂಚ್ತಿದ್ರು. ಕವಿಯ ಹೆಸರಿಲ್ಲ, ಕಾಲವಿಲ್ಲ. ಓದಿ ಅನಿಸಿದ್ದು ಬರೀರಿ ಅಷ್ಟೇ. ಹೆಸರು ಕಾಣದೇ ಹೋದಾಗ ಹುಡುಗರು ದೊಡ್ಡ ಕವಿಗಳನ್ನ ಬೈದು, ಸಾಧಾರಣ ಪದ್ಯವನ್ನ ಹೊಗಳಿದ್ದೂ ಉಂಟು! ಆ ಉತ್ತರಗಳನ್ನೆಲ್ಲ ಇಟ್ಟುಕೊಂಡು ಅವರು 1929ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಅನ್ನೋ ಪುಸ್ತಕವನ್ನೇ ತಂದ್ರು. ಆ ಅಭ್ಯಾಸ ಅಲ್ಲಿನ ಇಂಗ್ಲಿಷ್ ಪದವಿಯಲ್ಲಿ ಬೇರು ಬಿಟ್ಟಿತು.

ಅಲ್ಲಿ ಕವಿತೆ ಕೊಟ್ಟು ಹೆಸರು ಮುಚ್ಚಿಟ್ರು. ನಮಗೆ ಹೆಸರು ಕೇಳಿ ಕವಿತೆಯನ್ನ ಮುಚ್ಚಿಟ್ಟಿದ್ದಾರೆ.

"ಲೋ, ನಾವೇನು ಸಾಹಿತ್ಯದ ಸ್ಟೂಡೆಂಟ್ಸಾ? 160 ಕ್ರೆಡಿಟ್ ಹೊತ್ತು ಸಾಕಾಗಿದೆ" ಅಂತ ನೀವು ಕೇಳೋದು ಗೊತ್ತು. ಒಪ್ಪಿದ್ವಿ. ನಮಗೆ ಯಾರೂ ಪಂಪಭಾರತ ಓದಿಸೋದು ಬೇಡ, ಕ್ರೆಡಿಟ್ ಹೆಚ್ಚಿಸೋದೂ ಬೇಡ. ಇರೋ ಐವತ್ತು ಅಂಕದಲ್ಲಿ ಹದಿನೈದನ್ನ ಈ ಕಡೆ ತಿರುಗಿಸಿ. ಓದಿರದ ಒಂದು ಸಣ್ಣ ಕವಿತೆ ಕೊಡಿ, ಹೆಸರು ತೆಗೆದು. ಹತ್ತು ಸಾಲು ನಮ್ಮ ಕನ್ನಡದಲ್ಲಿ ಬರೆಸಿ. ಲ್ಯಾಬಲ್ಲಿ ಓಮ್ ಯಾವ ಊರಿನವನು ಅಂತ ಕೇಳಿ ಮಾರ್ಕ್ಸ್ ಕೊಡ್ತಾರಾ? ಸರ್ಕ್ಯೂಟ್ ಕಟ್ಟು, ರೀಡಿಂಗ್ ತಗೋ, ವೈವಾಗೆ ಬಾ ಅಂತಾರೆ. ಕವಿತೆಗೂ ಅಷ್ಟೇ ಮರ್ಯಾದೆ ಸಿಗಲಿ ಅಂತ ನಮ್ಮ ವಾದ. ಅಷ್ಟು ಸೆಕ್ಷನ್ನುಗಳ ಉತ್ತರ ತಿದ್ದೋದು ಮೇಷ್ಟ್ರಿಗೆ ಕಷ್ಟ, ಅದು ನಿಜವಾದ ತೊಂದರೆಯೇ. ಆದರೆ ಲ್ಯಾಬ್ ರೆಕಾರ್ಡುಗಳನ್ನೂ ಯಾರೋ ಕೂತು ತಿದ್ದುತ್ತಲೇ ಇದ್ದಾರಲ್ಲ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಓಎಂಆರ್ ಶೀಟು ನಮ್ಮಂಥವರಿಗೆ ಆರಾಮ, ಯಾಕಂದ್ರೆ ಅದರಲ್ಲಿ ನಮ್ಮ ಕನ್ನಡ ಕಾಣಿಸಲ್ಲ. ಮನೇಲಿ ಗಂಟೆಗಟ್ಟಲೆ ಕನ್ನಡದಲ್ಲೇ ಜಗಳ ಆಡ್ತೀವಿ, ಪೆನ್ನು ಹಿಡಿದರೆ 'ಲ'ನಾ 'ಳ'ನಾ ಅಂತ ಕೈ ನಿಲ್ಲುತ್ತೆ. ಈ ಲೇಖನವನ್ನೂ ಇಂಗ್ಲಿಷ್ ಕೀಬೋರ್ಡಲ್ಲಿ ಒತ್ತಿ, ಕನ್ನಡ ಮೀಡಿಯಂ ಗೆಳತಿಯೊಬ್ಬಳ ಕೈಲಿ ತಿದ್ದಿಸಿದ್ದೀವಿ. ಮೊದಲ ಪ್ಯಾರಾದಲ್ಲೇ ಏಳು ತಪ್ಪು.

ಸಿಲಬಸ್ ಬದಲಾಗೋ ತನಕ ಕಾಯೋದು ಬೇಡ ಅಂತ ನಾವೇ ಶುರು ಮಾಡ್ತಿದ್ದೀವಿ. ಮುಂದಿನ ವಾರ ಕ್ಲಬ್ಬಿನ ನೋಟಿಸ್ ಬೋರ್ಡಲ್ಲಿ ಹೆಸರಿಲ್ಲದ ಒಂದು ಕವಿತೆ ಇರುತ್ತೆ. ಹತ್ತು ಸಾಲು ಕೈಯಲ್ಲಿ ಬರೆದು ತನ್ನಿ. ಕಾಗುಣಿತ ತಪ್ಪಿದ್ರೂ ನಡೆಯುತ್ತೆ. ದಯವಿಟ್ಟು ಗೂಗಲ್ ಮಾಡಬೇಡಿ.