ಯೆಜ್ಡಿಗೆ ಮೇಕಪ್ ಬೇಡ ಸ್ವಾಮಿ!

ಭಾನುವಾರ ಬೆಳಗ್ಗೆ ನಂದಿಬೆಟ್ಟದ ರಸ್ತೇಲಿ ನಿಂತು ನೋಡಿ. 'ರೆಸ್ಟೋರ್ ಮಾಡಿಸಿದೀನಿ' ಅಂತ ಬೀಗುತ್ತಾ ಬರೋ ಹಳೇ ಜಾವಾ, ಯೆಜ್ಡಿಗಳಲ್ಲಿ ಕೆಲವಕ್ಕೆ ಅಲಾಯ್ ಚಕ್ರ, ಡಿಸ್ಕ್ ಬ್ರೇಕು, ಟ್ಯಾಂಕಿನ ಮೇಲೆ ರೇಡಿಯಂ ಸ್ಟಿಕ್ಕರು! ಇದು ರೆಸ್ಟೊರೇಷನ್ನಾ, ಮದುವೆಮನೆ ಮೇಕಪ್ಪಾ?

ಹಳೇ ಜಾವಾದ ಟ್ಯಾಂಕಿಗೆ ಪಕ್ಕದಲ್ಲಿ ಕ್ರೋಮು, ಮೇಲೆ ಕಡುಗೆಂಪು, ಅಂಚಿಗೆ ತೆಳ್ಳನೆಯ ಬಂಗಾರದ ಗೆರೆ, ಮೊಣಕಾಲು ತಾಗೋ ಕಡೆ ರಬ್ಬರು. ಮೈಸೂರಿನ ಕಾರ್ಮಿಕರ ಕೆಲಸ ಅದು. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆ ಗೆರೆ ಒಮ್ಮೆ ಉಜ್ಜಿಹಾಕಿದರೆ ಅದಕ್ಕೆ ಸಾಕ್ಷಿ ಎಲ್ಲಿಂದ ತರ್ತೀರಿ?

'ಗಾಡಿ ನಂದು, ನನ್ನಿಷ್ಟ' ಅಂತೀರಾ? ಸರಿ. ಆದ್ರೆ ಅದನ್ನ ರೆಸ್ಟೊರೇಷನ್ ಅನ್ನಬೇಡಿ. ಡಿಸ್ಕ್ ಬ್ರೇಕೇ ಬೇಕಿದ್ರೆ 2018ರಲ್ಲಿ ಹೊಸ ಜಾವಾ, 2022ರಲ್ಲಿ ಹೊಸ ಯೆಜ್ಡಿ ಬಂದವಲ್ಲ, ಅವನ್ನೇ ತಗೊಳ್ಳಿ. ಮೈಸೂರಿನ ಗಾಡಿಗಳು ಇನ್ನು ಕಡಿಮೆ ಆಗ್ತವೇ ಹೊರತು ಹೆಚ್ಚಾಗಲ್ಲ.

ಶಿಡ್ಲಘಟ್ಟದಲ್ಲೋ ಚಿಂತಾಮಣಿಯಲ್ಲೋ ನಿಮ್ಮನೆ ಚಂದ್ರಿಕೆಗಳ ಪಕ್ಕ ಒಂದು ಯೆಜ್ಡಿ ಧೂಳು ತಿಂತಾ ನಿಂತಿದ್ರೆ, ಪೇಂಟರ್ ಕೈಗೆ ಕೊಡೋ ಮುಂಚೆ ಫೋಟೋ ತೆಗೀರಿ, ಗೆರೆಯ ಅಗಲ ಅಳೀರಿ. ಸೀಟಿನ ಕೆಳಗೆ, ಬಿಸಿಲು ಬೀಳದ ಕಡೆ ಮೂಲ ಬಣ್ಣ ಉಳಿದಿರುತ್ತೆ, ಅದನ್ನೇ ಹೊಂದಿಸಿ. ಬಿಚ್ಚಿದ ಭಾಗ ಗುಜರಿಗೆ ಹಾಕಬೇಡಿ.

ಏನಂತೀರಾ?