ಬಿದಿರಿನ ಕೋಲು, ಬದುಕುವ ಹೊಳೆ

ಹಳೆಯ ಬಿದಿರಿನ ಗಾಳದ ಕೋಲುಗಳನ್ನು ಸಂಗ್ರಹಿಸಿ, ಅವುಗಳಿಂದಲೇ ಮೀನು ಹಿಡಿಯಬಯಸುವ ಶಿವಮೊಗ್ಗ, ಭದ್ರಾವತಿಗಳ ಯುವಮಿತ್ರರಿಗೆ ಈ ಮಾತು. ಗರಿ, ದಾರಗಳಿಂದ ಕಟ್ಟಿದ ಕೃತಕ ನೊಣವನ್ನು ನೀರಿನ ಮೇಲೆ ಬೀಸುವ ಈ ಕೋಲು ಪೂರ್ತಿ ವಿದೇಶಿಯಲ್ಲ. 19ನೆಯ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕಗಳ ಕುಶಲಕರ್ಮಿಗಳು ಇದಕ್ಕೆ ಬಳಸಿದ್ದು ಕಲ್ಕತ್ತೆಯಿಂದ ಹಡಗೇರಿದ ಭಾರತದ ಬಿದಿರನ್ನು. ಚೀನಾದ ಟೊಂಕಿನ್ ಬಿದಿರು ಬಂದದ್ದು ಅನಂತರ.

ಕೊಳ್ಳುವಾಗ ಹೊಳಪಿಗೆ ಮರುಳಾಗಬಾರದು. ಆರು ಸೀಳುಗಳ ಅಂಟು ಬಿಟ್ಟಿದೆಯೇ, ತುಂಡುಗಳನ್ನು ಕೂಡಿಸುವ ಲೋಹದ ಕೊಳವೆ ಸಡಿಲವೇ, ಕಣ್ಣಿನ ನೇರಕ್ಕೆ ಹಿಡಿದಾಗ ಬಾಗು ಕಾಣುವುದೇ, ತುದಿ ಮುರಿದು ಗಿಡ್ಡಾಗಿದೆಯೇ ಎಂದು ಪರೀಕ್ಷಿಸಬೇಕು. ದೋಷವುಳ್ಳ ಕೋಲು ಗೋಡೆಗೆ ಶೋಭೆ, ಹೊಳೆಗೆ ಬಾರದು.

ಆದರೆ ಕೋಲನ್ನು ಉಳಿಸುವವರು ಬಿದಿರನ್ನೂ ಹೊಳೆಯನ್ನೂ ಉಳಿಸಬೇಕು. 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೆ ಮಲೆನಾಡಿನ ಬಿದಿರೇ ಕಚ್ಚಾ ವಸ್ತುವಾಯಿತು. ಕಳೆದ ದಶಕದಲ್ಲಿ ಯಂತ್ರಗಳು ನಿಂತವು. ಆದರೆ ಹೋದ ಮೆಳೆ ತಾನಾಗಿ ಮರಳದು. ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಹೂಬಿಟ್ಟು ಸಾಯುತ್ತದೆ. ಆಗ ಹುಟ್ಟುವ ಸಸಿಗಳನ್ನು ಬೆಂಕಿ, ದನಗಳಿಂದ ನಾವೇ ಕಾಯಬೇಕು. 2017ರ ತಿದ್ದುಪಡಿಯ ಬಳಿಕ ಅರಣ್ಯದ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯ್ದೆಯ ದೃಷ್ಟಿಯಲ್ಲಿ ಮರವಲ್ಲ. ಸ್ವಂತ ಜಮೀನಿನ ಬದುವಿನಲ್ಲಿ ಮೆಳೆ ಬೆಳೆಸಲು ಹಿಂಜರಿಕೆ ಬೇಡ.

ತುಂಗೆಯಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಂತಹ ಮತ್ಸ್ಯಧಾಮಗಳಲ್ಲಿ ಗಾಳ ಸಲ್ಲದು. ಅಲ್ಲಿ ಉಳಿದ ಮಹಶೀರ್ ಮೀನು ಎಲ್ಲರ ಆಸ್ತಿ. ಹಳೆಯ ಕೋಲೊಂದನ್ನು ಮನೆಗೆ ತಂದವರು ಬಿದಿರಿನ ಸಸಿಯೊಂದನ್ನು ನೆಡಲಿ. ತಮ್ಮೂರ ಹೊಳೆಗೆ ಸೇರುವ ಕೊಳಚೆಯ ವಿರುದ್ಧ ದನಿಯೆತ್ತಲಿ. ಆ ಕೋಲು ಮೊಮ್ಮಕ್ಕಳ ಕೈ ಸೇರುವ ದಿನ, ಬೀಸಲು ಮೀನಿರುವ ನೀರೂ ಇರಬೇಕಲ್ಲವೇ?