ತಾಯಿಗೆ ಹೆಚ್ಚಿನ ಮಜೂರಿಯ ಕೆಲಸ ಏಕೆ ಸಿಗುವದಿಲ್ಲ?

ಹೋದ ವಾರ ಬನಹಟ್ಟಿಯ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಮಾತು ನಡೆದಿತ್ತು. ಹೆಣ್ಣುಮಕ್ಕಳ ಮಜೂರಿ ಹೆಚ್ಚಬೇಕೆಂದು ನಾನು ಹೇಳಿದೆ. ಅಂಗಡಿಕಾರರು ನಕ್ಕರು. “ಅಲ್ಲರೀ ಮಾಸ್ತರ, ಕಂಡಿಕೆ ಸುತ್ತಿದರೆ ಏನು ಸಿಗತದ? ಹೆಚ್ಚಿಗೆ ಬೇಕಾದರೆ ಬೇರೆ ಕೆಲಸ ನೋಡಿಕೊಳ್ಳಲಿ. ಬ್ಯಾಡ ಅಂದವರು ಯಾರು?” ಎಂದರು. ಕೇಳಲಿಕ್ಕೆ ಇದು ನ್ಯಾಯದ ಮಾತಿನಂತೆಯೇ ಇದೆ. ಬೇಡವೆಂದವರು ಯಾರೂ ಇಲ್ಲ. ಆದರೂ ಆ ತಾಯಿ ಇದ್ದಲ್ಲಿಯೇ ಇದ್ದಾಳೆ. ಏಕೆ ಎಂಬುದನ್ನು ಇಂದು ವಿಚಾರ ಮಾಡೋಣ.

ಮೊದಲು ಅವಳು ಎಲ್ಲಿ ನಿಂತಿದ್ದಾಳೆಂಬುದನ್ನು ನೋಡಬೇಕು. ರಬಕವಿ-ಬನಹಟ್ಟಿಯಲ್ಲಿ ಒಂದು ಸೀರೆ ಮಗ್ಗದಿಂದ ಇಳಿಯಬೇಕಾದರೆ ನೂಲು ಬಿಡಿಸಬೇಕು, ಹಾಸು ಮಾಡಬೇಕು, ಕಂಡಿಕೆ ಸುತ್ತಬೇಕು. ಹೊಕ್ಕಿನ ಕಂಡಿಕೆ ಇಲ್ಲದೆ ಲಾಳಿ ಓಡುವದಿಲ್ಲ. ಈ ಕೆಲಸದ ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲಿದೆ, ಅದೂ ಮನೆಯ ಪಡಸಾಲೆಯಲ್ಲಿ. ಮಜೂರಿ ಮಾತ್ರ ಸೀರೆಯ ಲೆಕ್ಕದಲ್ಲಿ ಗಂಡನ ಹೆಸರಿಗೆ ಬರುತ್ತದೆ; ಇಲ್ಲವೆ ಕಂಡಿಕೆಗೆಂದು ಚಿಲ್ಲರೆ ಹಣ ಸಿಗುತ್ತದೆ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯು ದೇಶದಲ್ಲಿ 35 ಲಕ್ಷಕ್ಕೂ ಮಿಕ್ಕಿ ಕೈಮಗ್ಗ ಕೆಲಸಗಾರರನ್ನು ಎಣಿಸಿತು. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಹೆಣ್ಣುಮಕ್ಕಳೇ. ಆದರೂ ‘ನೇಕಾರ’ ಎಂದೊಡನೆ ನಮ್ಮ ಕಣ್ಣ ಮುಂದೆ ಗಂಡಸೇ ನಿಲ್ಲುತ್ತಾನೆ.

ಮುಧೋಳ, ಜಮಖಂಡಿಗಳ ಕಬ್ಬಿನ ಸೀಮೆಯಲ್ಲಿ ಸ್ಥಿತಿ ಬೇರೆಯಾಗಿಲ್ಲ. ಮಹಾರಾಷ್ಟ್ರದ ಬೀಡ ಕಡೆಯ ಕಬ್ಬು ಕಡಿಯುವ ತಂಡಗಳಲ್ಲಿ ಗಂಡ-ಹೆಂಡತಿ ಇಬ್ಬರನ್ನೂ ಕೂಡಿಸಿ ಒಂದು ‘ಕೊಯ್ತಾ’ ಎಂದು ಹಿಡಿಯುತ್ತಾರೆ. ದುಡಿಯುವ ಕೈ ನಾಲ್ಕು, ಲೆಕ್ಕ ಒಂದು, ಹಣ ಎಣಿಸಿಕೊಳ್ಳುವವನು ಗಂಡ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲ ಹೋದ ಹಳ್ಳಿಗಳಲ್ಲಿ ಹೊಲದ ಕೂಲಿಯೂ ಹೋಯಿತು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಾವು ಶಾಲೆಯಲ್ಲಿ ಕಲಿಸಿದೆವು. ಇಲ್ಲಿ ಕೆಸರಾಗುವ ಕೈ ಒಬ್ಬಳದು, ಮೊಸರಿನ ಬಾಯಿ ಇನ್ನೊಬ್ಬರದು.

ಹಾಗಾದರೆ ಹೊರಗೆ ಕೆಲಸವೇ ಇಲ್ಲವೆ? ಇದೆ. ಹೊಲಿಗೆಯ ಕೆಲಸವಿದೆ, ದವಾಖಾನೆ-ಅಂಗಡಿಗಳ ಕೆಲಸವಿದೆ, ವಿದ್ಯುತ್ ಮಗ್ಗದ ಕೆಲಸವೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಬೀಳಗಿಯ ತಾಯಿ ಜಮಖಂಡಿಗೆ, ಜಮಖಂಡಿಯವಳು ಬನಹಟ್ಟಿಗೆ ಹೋಗಿಬರಬಹುದು. ಇದು ಸಣ್ಣ ಉಪಕಾರವಲ್ಲ. ದಾರಿ ತೆರೆದಿದೆ. ಆದರೆ ಕಂಕುಳಲ್ಲಿ ಕೂಸಿದ್ದವಳು ಆ ದಾರಿ ಹಿಡಿಯುವದು ಹೇಗೆ?

ಒಂದು ಲೆಕ್ಕ ಹಾಕೋಣ. ಮನೆಯಲ್ಲಿ ಕಂಡಿಕೆ ಸುತ್ತಿ ದಿನಕ್ಕೆ 100 ರೂಪಾಯಿ ಸಿಗುವದೆಂದು ಇಟ್ಟುಕೊಳ್ಳಿರಿ. ತಿಂಗಳಿಗೆ 26 ದಿನದಂತೆ 2,600 ಆಯಿತು. ಹೊರಗಿನ ಕೆಲಸದಲ್ಲಿ ದಿನಕ್ಕೆ 300 ಎನ್ನಿರಿ. ನೋಡಿದರೆ ಮೂರು ಪಟ್ಟು! ಆದರೆ ಕೂಸಿಗೆ ಜ್ವರ, ಕೆಮ್ಮು ಎಂದು ತಿಂಗಳಿಗೆ 4 ದಿನ ಖಾಡೆ ಬಿದ್ದರೆ ಉಳಿಯುವದು 22 ದಿನ, ಅಂದರೆ 6,600. ಕೂಸನ್ನು ನೋಡಿಕೊಳ್ಳುವ ನೆರೆಮನೆಯ ಮುದುಕಿಗೆ ತಿಂಗಳಿಗೆ 2,600. ಚಹಾ, ಆಟೋ ಎಂದು ದಿನಕ್ಕೆ 30ರಂತೆ 660. ಕೈಯಲ್ಲಿ ಉಳಿದದ್ದು 3,340. ಹಳೆಯ ಗಳಿಕೆಗಿಂತ ಹೆಚ್ಚಾದದ್ದು 740 ರೂಪಾಯಿ ಮಾತ್ರ. ಅದಕ್ಕಾಗಿ ಹತ್ತು ತಾಸು ಕೂಸನ್ನು ಬಿಟ್ಟಿರಬೇಕು. ಬಂದ ಮೇಲೆ ರೊಟ್ಟಿಯನ್ನೂ ಬಡಿಯಬೇಕು. ಅಂಕಿಗಳು ಮನೆಯಿಂದ ಮನೆಗೆ ಬೇರೆಯಾದಾವು. ಲೆಕ್ಕದ ನಡಿಗೆ ಒಂದೇ. ತಾಯಿ ಇಷ್ಟು ಲೆಕ್ಕವನ್ನು ಬೆರಳ ಮೇಲೆ ಮಾಡಿ, ಕಂಡಿಕೆಯ ರಾಟಿಯ ಮುಂದೆಯೇ ಕೂಡುತ್ತಾಳೆ. ಅವಳಿಗೆ ಆಸೆ ಇಲ್ಲವೆನ್ನುವದು ತಪ್ಪು. ಅವಳಿಗೆ ಗಣಿತ ಬರುತ್ತದೆ!

ಆ 2,600ನ್ನೂ ಉಳಿಸುವ ಇನ್ನೊಂದು ದಾರಿಯಿದೆ. ಅದನ್ನು ನಾನು ಕಲಿಸುತ್ತಿದ್ದಾಗ ಹಾಜರಿ ಪುಸ್ತಕದಲ್ಲಿ ಕಂಡಿದ್ದೇನೆ. ಹತ್ತು-ಹನ್ನೊಂದು ವರುಷದ ಹುಡುಗಿ ಸೋಮವಾರ ಬರುವಳು, ಮಂಗಳವಾರ ಇಲ್ಲ. ಗುರುವಾರ ಬಂದರೆ ಶುಕ್ರವಾರ ಇಲ್ಲ. ಮನೆಗೆ ಹೋಗಿ ನೋಡಿದೆ. ತಮ್ಮನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ಅವ್ವ ಕೆಲಸಕ್ಕ ಹೋಗ್ಯಾಳ್ರೀ ಸರ” ಎಂದಳು. ನಾನು ಅವ್ವನ ಮೇಲೆ ಸಿಟ್ಟಾದೆ. ಇಂದು ಆ ಸಿಟ್ಟಿಗೆ ನಾಚಿಕೆಯಾಗುತ್ತದೆ. ಅವ್ವ ಹೆಚ್ಚಿಗೆ ತರುತ್ತಿದ್ದ ಮಜೂರಿಯನ್ನು ಆ ಹುಡುಗಿ ತನ್ನ ಪಾಟಿ-ಪುಸ್ತಕದಿಂದ ತುಂಬಿಕೊಡುತ್ತಿದ್ದಳು. ಆ ಹುಡುಗಿ ನಾಳೆ ಯಾವ ಕೆಲಸಕ್ಕೆ ಅರ್ಹಳಾದಾಳು? ಅದೇ ಕಂಡಿಕೆಗೆ.

ಕಾಯ್ದೆ ಇಲ್ಲವೆ ಎಂದು ಕೇಳುವಿರಿ. ಬೇಕಾದಷ್ಟಿವೆ. ಸಮಾನ ಕೆಲಸಕ್ಕೆ ಸಮಾನ ವೇತನವೆಂದು 1976ರಲ್ಲಿಯೇ ಕಾಯ್ದೆಯಾಯಿತು. ಆ ಮಾತು 2019ರ ವೇತನ ಸಂಹಿತೆಯಲ್ಲಿಯೂ ಸೇರಿತು. ಆದರೆ ಹೆಣ್ಣಿಗೆ ಕಂಡಿಕೆ, ಗಂಡಿಗೆ ಮಗ್ಗ ಎಂದು ಕೆಲಸವನ್ನೇ ಹಂಚಿಟ್ಟ ಮೇಲೆ ‘ಸಮಾನ ಕೆಲಸ’ ಎಲ್ಲಿಂದ ಬರಬೇಕು? ಇನ್ನು ಶಿಶುಗೃಹದ ಮಾತು. 1948ರ ಕಾರಖಾನೆ ಕಾಯ್ದೆ 1976ರ ತಿದ್ದುಪಡಿಯ ನಂತರ 30ಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಶಿಶುಗೃಹ ಬೇಕೆಂದಿತು. 2017ರ ಹೆರಿಗೆ ಸೌಲಭ್ಯದ ತಿದ್ದುಪಡಿ 26 ವಾರದ ರಜೆ ಕೊಟ್ಟು, 50 ಮಂದಿ ದುಡಿಯುವಲ್ಲಿ ಶಿಶುಗೃಹ ಇರಲೇಬೇಕೆಂದಿತು. ನಮ್ಮ ಊರಿನ ಮಗ್ಗದ ಶೆಡ್ಡಿನಲ್ಲಿ 50 ಮಂದಿ ಎಲ್ಲಿದ್ದಾರೆ? ಕಾಯ್ದೆ ಓಣಿಯ ತುದಿಯಲ್ಲಿಯೇ ನಿಂತುಬಿಡುತ್ತದೆ. ಅಂಗನವಾಡಿ ಇದೆ, ನಿಜ. ಆದರೆ ಮಗ್ಗ ನಿಲ್ಲುವ ಮೊದಲೇ ಅದಕ್ಕೆ ಬೀಗ ಬೀಳುತ್ತದೆ. 2023ರಲ್ಲಿ ರಾಜ್ಯ ಸರಕಾರ ಉದ್ಯೋಗ ಖಾತ್ರಿಯ ತಾಯಂದಿರ ಚಿಕ್ಕ ಮಕ್ಕಳಿಗಾಗಿ ‘ಕೂಸಿನ ಮನೆ’ ಎಂಬ ಒಳ್ಳೆಯ ಯೋಜನೆ ತಂದಿತು. ಅದು ಗ್ರಾಮ ಪಂಚಾಯಿತಿಗಳಿಗೆ. ರಬಕವಿ-ಬನಹಟ್ಟಿ ನಗರಸಭೆಯ ಊರು. ಹಳ್ಳಿಯ ಕೂಸಿಗೆ ಮನೆ ಬೇಕು, ಊರಿನ ನೇಕಾರತಿಯ ಕೂಸಿಗೆ ಬೇಡವೆ?

ಶೆಡ್ಡಿನ ಮಾಲಿಕರನ್ನೆಲ್ಲ ಬೈಯುವದು ನನ್ನ ಉದ್ದೇಶವಲ್ಲ. ನಾಲ್ಕು ಮಗ್ಗ ಇಟ್ಟವನು ನೂಲಿನ ಸಾವಕಾರನಿಗೆ ಸಾಲಗಾರ. ಅವನೊಬ್ಬನೇ ಶಿಶುಗೃಹ ನಡೆಸಲಾರ. ಆದರೆ ಹತ್ತು ಶೆಡ್ಡು ಕೂಡಿದರೆ, ನಗರಸಭೆ ಜಾಗ ಕೊಟ್ಟರೆ, ಸರಕಾರ ಸೇವಕಿಯ ಪಗಾರ ಕೊಟ್ಟರೆ ಏಕೆ ಆಗಬಾರದು? ಅಹಮದಾಬಾದಿನಲ್ಲಿ ಇಳಾ ಭಟ್ಟರು 1972ರಲ್ಲಿ ಕಟ್ಟಿದ ‘ಸೇವಾ’ ಸಂಘದ ಹೆಣ್ಣುಮಕ್ಕಳು ಮನೆಗೆಲಸದ ಮಜೂರಿಗಾಗಿ ಹೋರಾಡಿದರು. ತಮ್ಮದೇ ಸಹಕಾರಿ ಸಂಘದಿಂದ ಬಾಲವಾಡಿಗಳನ್ನೂ ನಡೆಸಿದರು. ಅವರೇನು ನಮ್ಮವರಿಗಿಂತ ಸಿರಿವಂತರಾಗಿರಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಒಂದು: ಕಂಡಿಕೆಯ ಮಜೂರಿಯನ್ನು ಸೀರೆಯ ಲೆಕ್ಕದಿಂದ ಬೇರೆ ತೆಗೆದು, ಸುತ್ತಿದವಳ ಹೆಸರಿನ ಪುಸ್ತಕದಲ್ಲಿ ಬರೆಯಬೇಕು. ಎರಡು: ನೇಕಾರರ ಪ್ರತಿಯೊಂದು ವಾರ್ಡಿನಲ್ಲಿ ಮಗ್ಗದ ವೇಳೆಗೆ ತೆರೆದು ಮಗ್ಗದ ವೇಳೆಗೆ ಮುಚ್ಚುವ ಕೂಸಿನ ಮನೆ ಬೇಕು. ಮೂರು: ಮಗ್ಗ, ಹೊಲಿಗೆ, ಯಂತ್ರದ ದುರಸ್ತಿ ಯಾವುದೇ ಇರಲಿ, ಕಲಿಯಬಯಸುವ ತಾಯಿಗೆ ಕಲಿಯುವ ತಿಂಗಳುಗಳಲ್ಲಿ ಹೊಟ್ಟೆಬಟ್ಟೆಯ ಭತ್ಯ ಸಿಗಬೇಕು. ಕಲಿಯುವಾಗ ಉಪವಾಸವಿರುವಷ್ಟು ಶಕ್ತಿ ಯಾರಿಗೂ ಇಲ್ಲ.

ಕಾಮಗಾರ ಬಂಧುಗಳೇ, ಹೆಣ್ಣು ಮಗ್ಗಕ್ಕೆ ಬಂದರೆ ನಮ್ಮ ಕೆಲಸ ಹೋದೀತೆಂದು ಅಂಜಬೇಡಿರಿ. ಅವಳು ಅಗ್ಗಕ್ಕೆ ಸಿಗುವವರೆಗೆ ಮಾತ್ರ ನಿಮ್ಮ ಮಜೂರಿಗೆ ಅಪಾಯ. ಅವಳ ದರ ಏರಿದರೆ ನಿಮ್ಮದನ್ನು ಇಳಿಸುವ ಹಗ್ಗ ಮಾಲಿಕನ ಕೈಯಿಂದ ಜಾರುತ್ತದೆ. ಮನೆಯಲ್ಲಿ ರೊಟ್ಟಿ ಬಡಿಯುವ, ಕೂಸನ್ನು ಎತ್ತುವ ಕೆಲಸದಲ್ಲಿ ನಿಮ್ಮ ಪಾಲು ಎಷ್ಟೆಂಬುದನ್ನೂ ಒಮ್ಮೆ ಕೇಳಿಕೊಳ್ಳಿರಿ. ವ್ಯಾಪಾರಸ್ಥರೇ, ನಿಮ್ಮ ಉದ್ರಿಯ ಪುಸ್ತಕ ತೆಗೆದು ನೋಡಿರಿ. ಅಕ್ಕಿ, ಬೇಳೆ, ಎಣ್ಣೆಯ ಬಾಕಿ ತೀರಿಸುವವಳು ಯಾರು? ತಾಯಿಯ ಕೈಗೆ ಬಂದ ಹಣ ಶನಿವಾರಕ್ಕೆ ಮುಂಚೆ ನಿಮ್ಮ ಗಲ್ಲೆಗೆ ಬರುತ್ತದೆ.

ಅಂಗಡಿಕಾರರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬೇಡವೆಂದವರು ಯಾರೂ ಇಲ್ಲ. ಆದರೆ “ಕೂಸನ್ನು ಇತ್ತ ಕೊಡು, ನೀನು ಹೋಗಿ ಬಾ ತಂಗಿ” ಎಂದವರೂ ಯಾರಿಲ್ಲ. ಆ ಮಾತನ್ನು ಊರೆಲ್ಲ ಕೂಡಿ ಹೇಳುವ ದಿನ ಅವಳು ಕೆಲಸವನ್ನು ತಾನೇ ಹುಡುಕಿಕೊಳ್ಳುತ್ತಾಳೆ. ನಗರಸಭೆಯ ಮುಂದಿನ ಸಭೆಗೆ ಈ ಬೇಡಿಕೆಯನ್ನು ಒಯ್ಯೋಣ. ಬರುವಾಗ ತಾಯಂದಿರು ಕೂಸುಗಳನ್ನು ಎತ್ತಿಕೊಂಡೇ ಬರಲಿ.